ಹತ್ತಿ ಅಂಡಿಗೆಯಿಂದ ಷೇರು ಕಾಗದದವರೆಗೆ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಹಾದಿ ಇಪ್ಪತ್ತು ಕಿಲೋಮೀಟರ್ ಆಸುಪಾಸಿನದು. ಉಣಕಲ್ಲು ದಾಟಿದರೆ ಅಮರಗೋಳದ ಎಪಿಎಂಸಿ ಮಾರುಕಟ್ಟೆ. ಅದರ ಹತ್ತಿರದಲ್ಲೇ ನವನಗರದಲ್ಲಿ 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ. ಅಲ್ಲಿಂದ ಸ್ವಲ್ಪ ಮುಂದೆ ರಾಯಾಪುರದ ಕೈಗಾರಿಕಾ ಪ್ರದೇಶ. ಧಾರವಾಡವನ್ನೂ ದಾಟಿದರೆ ಹೈಕೋರ್ಟ್ ಪೀಠ. 2008ರಲ್ಲಿ ಸಂಚಾರಿ ಪೀಠವಾಗಿ ಆರಂಭವಾಗಿ 2013ರಲ್ಲಿ ಕಾಯಂ ಆದದ್ದು. ಸರಕು ಮಾರುವ ಜಾಗ, ಕಾನೂನು ಕಲಿಸುವ ಜಾಗ, ಸರಕು ತಯಾರಿಸುವ ಜಾಗ, ನ್ಯಾಯ ಕೇಳುವ ಜಾಗ, ನಾಲ್ಕೂ ಒಂದೇ ದಾರಿಯಲ್ಲಿ ಸಿಗುತ್ತವೆ.

ಈ ದಾರಿಯಲ್ಲಿ ಓಡಾಡುವ ಕಾನೂನು ವಿದ್ಯಾರ್ಥಿಗಳನ್ನು ಮುಂದೆ ಏನಾಗುತ್ತೀರಿ ಎಂದು ಕೇಳಿದರೆ ಸಿವಿಲ್ ಎನ್ನುತ್ತಾರೆ, ಕ್ರಿಮಿನಲ್ ಎನ್ನುತ್ತಾರೆ, ಜಡ್ಜ್ ಪರೀಕ್ಷೆ ಎನ್ನುತ್ತಾರೆ. ಷೇರು, ಹೂಡಿಕೆ, ಠೇವಣಿಗಳ ಕಾನೂನು ಓದಿ, ಜನರ ಹಣ ನಿಯಮದಂತೆ ನಡೆಯುತ್ತಿದೆಯೇ ಎಂದು ನೋಡುವ ವಕೀಲನಾಗುತ್ತೇನೆ ಎನ್ನುವವರು ಅಪರೂಪ. ಅದು ಮುಂಬಯಿಯ ದೊಡ್ಡ ಕಟ್ಟಡಗಳ ಕೆಲಸ, ನಮಗೂ ಅದಕ್ಕೂ ಏನು ಸಂಬಂಧ ಎಂಬ ಭಾವನೆ. ಆದರೆ ಆ ಕಾನೂನಿನ ಕಥೆಯ ಮೊದಲ ಪುಟಗಳಲ್ಲಿ ನಮ್ಮ ಧಾರವಾಡ ಜಿಲ್ಲೆಯ ಕಪ್ಪು ಮಣ್ಣಿನ ಹತ್ತಿಯೂ ಇದೆ.

ಹೆಸರು ಒಂದು, ಸರಕು ಇನ್ನೊಂದು

1840ರ ದಶಕದಲ್ಲಿ ಕಂಪನಿ ಸರಕಾರ ಅಮೆರಿಕದ ನ್ಯೂ ಓರ್ಲಿಯನ್ಸ್ ಹತ್ತಿಯ ಬೀಜ ತರಿಸಿ ಧಾರವಾಡದ ರೈತರಿಂದ ಬೆಳೆಸಿತು. ಗುಜರಾತದಿಂದ ಖಾನದೇಶದವರೆಗೆ ಹಲವೆಡೆ ಮಾಡಿದ ಇಂಥ ಪ್ರಯೋಗಗಳು ಕೈಕೊಟ್ಟರೂ ಧಾರವಾಡದ ಹವೆಗೆ ಅದು ಒಗ್ಗಿತು. 'ಧಾರವಾಡ-ಅಮೆರಿಕನ್' ಎಂಬ ಹೆಸರು ಲಿವರ್‌ಪೂಲಿನ ಪೇಟೆಯವರೆಗೂ ಹೋಯಿತು. ನಮ್ಮ ನಾಟಿ ತಳಿಯನ್ನು ಅದು ಹಡಗೇರುತ್ತಿದ್ದ ಬಂದರಿನ ಹೆಸರಿನಿಂದ 'ಕುಮಟಾ' ಎಂದೇ ಕರೆಯುತ್ತಿದ್ದರು. ಹುಬ್ಬಳ್ಳಿಗೆ ರೈಲು ಬಂದದ್ದು 1880ರ ದಶಕದಲ್ಲಿ. ಅಲ್ಲಿಯವರೆಗೆ ಹತ್ತಿಯ ಅಂಡಿಗೆಗಳು ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಸಮುದ್ರ ಸೇರಬೇಕಿತ್ತು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬರುವುದು ನಿಂತಿತು. ಲ್ಯಾಂಕಶೈರಿನ ಗಿರಣಿಗಳು ಹಿಂದುಸ್ತಾನದ ಕಡೆ ಕೈಚಾಚಿದವು. ಬೆಲೆ ಏರಿದ ಕೂಡಲೇ ಕಲಬೆರಕೆಯೂ ಏರಿತು. ಅರಳೆಯ ತೂಕ ಹೆಚ್ಚಲಿ ಎಂದು ನೀರು ಚಿಮುಕಿಸುವುದು, ಬೀಜ ಮತ್ತು ಮಣ್ಣು ಸೇರಿಸುವುದು, ನಾಟಿ ಹತ್ತಿಯನ್ನು ಅಮೆರಿಕನ್ ಹತ್ತಿಯೊಂದಿಗೆ ಬೆರೆಸಿ ಮೇಲಿನ ದರಕ್ಕೆ ಮಾರುವುದು ನಡೆಯಿತು. ಅಂಡಿಗೆಯ ಮೇಲಿನ ಹೆಸರು ಒಂದು, ಒಳಗಿನ ಸರಕು ಇನ್ನೊಂದು. ಸಾವಿರಾರು ಮೈಲಿ ಆಚೆ ಕುಳಿತ ಕೊಳ್ಳುವವನಿಗೆ ಹೆಸರನ್ನು ನಂಬುವುದರ ಹೊರತು ಬೇರೆ ದಾರಿ ಇರಲಿಲ್ಲ.

ಇದನ್ನು ತಡೆಯಲು ಬಂದದ್ದು 1863ರ ಮುಂಬಯಿ ಹತ್ತಿ ವಂಚನೆ ಕಾಯಿದೆ. ಕಲಬೆರಕೆಗೆ ಶಿಕ್ಷೆ ಎಂದಾಯಿತು. ಹತ್ತಿ ಪರಿಶೀಲಿಸಲು ಇನ್‌ಸ್ಪೆಕ್ಟರುಗಳು ಬಂದರು. ಕಾಯಿದೆಯ ಉದ್ದೇಶ ಇಂಗ್ಲೆಂಡಿನ ಗಿರಣಿಗಳ ಹಿತ ಕಾಯುವುದು ಎಂಬುದರಲ್ಲಿ ಅನುಮಾನವಿಲ್ಲ. ಆದರೂ ಅದರಲ್ಲಿ ಒಂದು ಹೊಸ ಮಾತಿತ್ತು. ಕೊಂಡವನು ಮೋಸಹೋದ ಮೇಲೆ ಕೋರ್ಟಿಗೆ ಬರಲಿ ಎಂದು ಕಾಯದೆ, ಮಾರಾಟಕ್ಕೆ ಮೊದಲೇ ಅಂಡಿಗೆ ಬಿಚ್ಚಿ ನೋಡುವ ಅಧಿಕಾರವನ್ನು ಸರಕಾರ ಒಬ್ಬನಿಗೆ ಕೊಟ್ಟಿತು. ಮುಂದೆ ಈ ಕಾಯಿದೆಯನ್ನು ಕೈಬಿಟ್ಟರು. ಆ ಮಾತು ಮಾತ್ರ ಉಳಿಯಿತು.

ಇದು ಯುರೋಪಿನವರು ಕಂಡುಹಿಡಿದ ಮಾತೇನಲ್ಲ. ಪ್ರವಾದಿ ಮುಹಮ್ಮದ್ (ಸ) ಮದೀನಾದ ಪೇಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಗುಲಿತು. ಮಳೆ ಬಿದ್ದಿತ್ತು ಎಂದು ವ್ಯಾಪಾರಿ ಹೇಳಿದ. ಹಾಗಿದ್ದರೆ ಒದ್ದೆ ಕಾಳನ್ನು ಜನರಿಗೆ ಕಾಣುವಂತೆ ಮೇಲೆ ಇಡಬಾರದಿತ್ತೇ ಎಂದು ಪ್ರವಾದಿಯವರು ಕೇಳಿದರೆಂದು ಹದೀಸ್‌ನಲ್ಲಿ ಬರುತ್ತದೆ. ಒದ್ದೆ ಕಾಳು ಮಾರಲೇಬಾರದು ಎಂದು ಅವರು ಹೇಳಲಿಲ್ಲ; ಅದು ಕಾಣುವಂತಿರಲಿ ಎಂದರು. ಮುಸ್ಲಿಂ ನಗರಗಳಲ್ಲಿ ಪೇಟೆಯ ತೂಕ, ಅಳತೆ, ಸರಕುಗಳನ್ನು ನೋಡಿಕೊಳ್ಳಲು 'ಮುಹ್ತಸಿಬ್' ಎಂಬ ಅಧಿಕಾರಿ ಇರುತ್ತಿದ್ದ. ಇಂದಿನ ಹೂಡಿಕೆ ಕಾನೂನಿನ ತಿರುಳೂ ಇದೇ: ನಷ್ಟದ ಸಂಭವ ಇರಲಿ, ಆದರೆ ಅದು ಮುಚ್ಚಿಹೋಗದಿರಲಿ.

ಕಾಗದದ ಜ್ವರ

ಹತ್ತಿಯಿಂದ ಬಂದ ಹಣ ಮುಂಬಯಿಯಲ್ಲಿ ಕಾಗದವಾಯಿತು. ಕಂಪನಿ ನಷ್ಟಹೊಂದಿದರೆ ಪಾಲುದಾರ ತನ್ನ ಪಾಲಿನಷ್ಟೇ ಕಳೆದುಕೊಳ್ಳುತ್ತಾನೆ, ಮನೆಮಠ ಕಳೆದುಕೊಳ್ಳುವುದಿಲ್ಲ ಎಂಬ ಕಾಯಿದೆ 1857ರಲ್ಲಿ ಬಂದಿತ್ತು. ಬ್ಯಾಂಕು, ಹಣಕಾಸು ಸಂಸ್ಥೆ, ಸಮುದ್ರ ತುಂಬಿಸಿ ಭೂಮಿ ಮಾಡುವ ಕಂಪನಿಗಳು ಅಣಬೆಯಂತೆ ಎದ್ದವು. ಪ್ರೇಮಚಂದ್ ರಾಯಚಂದ್ ಎಂಬ ದಲಾಲರ ಹೆಸರು ಕೇಳಿದರೆ ಸಾಕು, ಜನ ಹಣ ಸುರಿಯುತ್ತಿದ್ದರು. ಬ್ಯಾಕ್ ಬೇ ರಿಕ್ಲಮೇಶನ್ ಕಂಪನಿಯಲ್ಲಿ 5 ಸಾವಿರ ರೂಪಾಯಿ ಕಟ್ಟಿದ ಷೇರು 50 ಸಾವಿರದ ಆಸುಪಾಸಿಗೆ ಹೋಯಿತು.

1865ರ ಏಪ್ರಿಲಿನಲ್ಲಿ ಅಮೆರಿಕದ ದಕ್ಷಿಣದ ಸೇನಾಪತಿ ಲೀ ಶರಣಾದ. ಹತ್ತಿಯ ಬೆಲೆ ಕುಸಿಯಿತು, ಅದರ ಮೇಲೆ ನಿಂತ ಕಾಗದವೂ ಕುಸಿಯಿತು. ಮುಂದಿನ ದಿನಾಂಕಕ್ಕೆ ಮಾಡಿಕೊಂಡ ಷೇರು ಕರಾರುಗಳಿಗೆ ಲೆಕ್ಕ ಚುಕ್ತಾ ಮಾಡುವ ದಿನ 1865ರ ಜುಲೈ 1. ಆ ದಿನ ಕೊಡಬೇಕಾದವರ ಬಳಿ ಕೊಡಲು ಏನೂ ಇರಲಿಲ್ಲ. ದಿವಾಳಿಗಳ ಸಂಖ್ಯೆ ಎಷ್ಟಾಯಿತೆಂದರೆ ಅದಕ್ಕೆಂದೇ ಸರಕಾರ 1865ರ 28ನೇ ಕಾಯಿದೆ ತರಬೇಕಾಯಿತು. ಬ್ಯಾಂಕ್ ಆಫ್ ಬಾಂಬೆ ಮುಳುಗಿತು, ಅದರ ಮೇಲೆ ವಿಚಾರಣಾ ಆಯೋಗ ಕುಳಿತಿತು.

1862ರಲ್ಲಿ ಸ್ಥಾಪನೆಯಾದ ಮುಂಬಯಿ ಹೈಕೋರ್ಟಿಗೆ ಸೇರಿದ ಸೀಮೆಯಲ್ಲೇ ನಮ್ಮ ಧಾರವಾಡವೂ ಇತ್ತು. ಕುಸಿತದ ಎರಡು ವರ್ಷಗಳ ನಂತರ, 1867ರಲ್ಲಿ, ಆ ಕೋರ್ಟಿಗೆ ಮೊದಲ ಭಾರತೀಯ ಬ್ಯಾರಿಸ್ಟರ್ ಬಂದರು. ವ್ಯಾಪಾರಿ ಮನೆತನದ ಬದ್ರುದ್ದೀನ್ ತಯ್ಯಬ್ಜಿ. 1887ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾದರು, 1895ರಲ್ಲಿ ಅದೇ ಕೋರ್ಟಿನ ನ್ಯಾಯಾಧೀಶರಾದರು. ವಾಣಿಜ್ಯದ ಜಗಳಗಳನ್ನು ನಮ್ಮವರೇ ವಾದಿಸಬಲ್ಲರು ಎಂಬ ಧೈರ್ಯ ಆ ಪೀಳಿಗೆಯಿಂದ ಬಂತು. ಆದರೆ ಆಗಿನ ವಕೀಲನಿಗೆ ಕೆಲಸ ಬರುತ್ತಿದ್ದುದು ಮನೆ ಸುಟ್ಟ ಮೇಲೆ. ಬೂದಿಯಲ್ಲಿ ಯಾರ ಪಾಲು ಎಷ್ಟು ಎಂದು ಹೇಳುವುದು ಅವನ ಕಸುಬಾಗಿತ್ತು.

ಛಾಗ್ಲಾ ವಿಚಾರಣೆ

ಷೇರುಪೇಟೆಗೆ ಕಾನೂನಿನ ಬೇಲಿ ನಿಧಾನವಾಗಿ ಬಂತು. ಮುಂಬಯಿಯ ದಲಾಲರು 1875ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡರು. 1925ರಲ್ಲಿ ಮುಂಬಯಿ ಪ್ರಾಂತ್ಯ ಒಂದು ಕಾಯಿದೆ ಮಾಡಿತು. ಕಂಪನಿಗಳು ಷೇರು ಹೊರಡಿಸಲು ಸರಕಾರದ ಅನುಮತಿ ಬೇಕೆಂಬ ನಿಯಮ ಎರಡನೇ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ ಬಂತು. 1947ರ ಕಾಯಿದೆ ಅದನ್ನು ಮುಂದುವರಿಸಿತು. ಇಡೀ ದೇಶಕ್ಕೆ ಅನ್ವಯಿಸುವ ಷೇರು ಕರಾರು ಕಾಯಿದೆ 1956ರಲ್ಲಿ ಬಂತು. ಅದೇ ವರ್ಷ ನವೆಂಬರ್ 1ರಂದು ಧಾರವಾಡ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿತು.

ಅಲ್ಲಿಯವರೆಗೆ ಧಾರವಾಡಕ್ಕೂ ಮುಖ್ಯ ನ್ಯಾಯಮೂರ್ತಿಯಾಗಿದ್ದವರು ಎಂ. ಸಿ. ಛಾಗ್ಲಾ. ಮುಂಬಯಿಯ ಖೋಜಾ ವ್ಯಾಪಾರಿ ಮನೆಯ ಮಗ, ಯೌವನದಲ್ಲಿ ಜಿನ್ನಾ ಅವರ ಚೇಂಬರಿನಲ್ಲಿ ಕಿರಿಯ ವಕೀಲ, ಮುಂದೆ ಅವರ ರಾಜಕೀಯ ಒಪ್ಪದೆ ದೂರವಾದವರು. 1947ರಿಂದ 1958ರವರೆಗೆ ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ. ಆ ಹುದ್ದೆಯ ಕೊನೆಯ ದಿನಗಳಲ್ಲಿ ಅವರ ಮುಂದೆ ಬಂದದ್ದು ಮೂಂದ್ರಾ ಪ್ರಕರಣ.

1956ರಲ್ಲಿ ಹುಟ್ಟಿದ ಜೀವ ವಿಮಾ ನಿಗಮ ಮರುವರ್ಷವೇ ಹರಿದಾಸ್ ಮೂಂದ್ರಾ ಎಂಬ ಉದ್ಯಮಿಯ ಆರು ಕಂಪನಿಗಳ ಷೇರುಗಳಲ್ಲಿ ಸುಮಾರು ಒಂದೂಕಾಲು ಕೋಟಿ ರೂಪಾಯಿ ಹಾಕಿತು. ಅದು ಲಕ್ಷಾಂತರ ಸಾಮಾನ್ಯರು ಕಂತು ಕಟ್ಟಿದ ಹಣ. ಲೋಕಸಭೆಯಲ್ಲಿ ಫಿರೋಜ್ ಗಾಂಧಿ ಪ್ರಶ್ನೆ ಎತ್ತಿದರು. 1958ರ ಆರಂಭದಲ್ಲಿ ಏಕಸದಸ್ಯ ಆಯೋಗವಾಗಿ ಛಾಗ್ಲಾ ಬಾಗಿಲು ತೆರೆದಿಟ್ಟು ವಿಚಾರಣೆ ನಡೆಸಿದರು. ಒಳಗೆ ಜಾಗ ಸಾಲದೆ ಹೊರಗೆ ನಿಂತವರಿಗಾಗಿ ಧ್ವನಿವರ್ಧಕ ಹಾಕಿಸಿದರು. ಇಪ್ಪತ್ತನಾಲ್ಕು ದಿನಗಳಲ್ಲಿ ಕೆಲಸ ಮುಗಿಯಿತು. ಹಣಕಾಸು ಮಂತ್ರಿ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು.

ವಿಚಾರಣೆಯಲ್ಲಿ ಹೊರಬಂದ ಒಂದು ಸಂಗತಿ ನಮ್ಮ ವಿಷಯಕ್ಕೆ ಮುಖ್ಯ. ಹಣ ಎಲ್ಲಿ ಹಾಕಬೇಕೆಂದು ಸಲಹೆ ಕೊಡಲು ನಿಗಮದಲ್ಲಿ ಹೂಡಿಕೆ ಸಮಿತಿ ಇತ್ತು. ಈ ವ್ಯವಹಾರದಲ್ಲಿ ಅದನ್ನು ಕೇಳಲೇ ಇಲ್ಲ. ಅಂದರೆ ನಿಯಮ ಇತ್ತು, ಸಮಿತಿ ಇತ್ತು, ತಿಳಿದವರೂ ಇದ್ದರು. ಸಹಿ ಬೀಳುವ ಮೊದಲು "ಸಮಿತಿಗೆ ತೋರಿಸಿದ್ದೀರಾ?" ಎಂದು ತಡೆದು ಕೇಳುವ ಒಬ್ಬ ಮನುಷ್ಯ ಇರಲಿಲ್ಲ. ಇಂದು ಕಂಪ್ಲಯನ್ಸ್ ಆಫೀಸರ್ ಎಂದು ಕರೆಯುವ ಹುದ್ದೆಯ ಅಗತ್ಯವನ್ನು ಆ ಖಾಲಿ ಜಾಗವೇ ಹೇಳುತ್ತದೆ.

ಸೆಬಿ ಬಂದ ಮೇಲೆ

1988ರ ಏಪ್ರಿಲಿನಲ್ಲಿ ಕೇಂದ್ರ ಸರಕಾರ ಸೆಬಿ ಎಂಬ ಮಂಡಳಿ ಮಾಡಿತಾದರೂ ಅದಕ್ಕೆ ಹಲ್ಲಿರಲಿಲ್ಲ. 1992ರಲ್ಲಿ ಕಾಯಿದೆಯ ಬಲ ಬಂತು. ಅದೇ ವರ್ಷದ ಏಪ್ರಿಲಿನಲ್ಲಿ ಹರ್ಷದ್ ಮೆಹ್ತಾ ಹಗರಣ ಬಯಲಾಯಿತು. ಬ್ಯಾಂಕುಗಳ ನಡುವಿನ ಹಣ ಷೇರುಪೇಟೆಗೆ ಹರಿದು ಬೆಲೆಗಳು ಆಕಾಶಕ್ಕೇರಿ ಬಿದ್ದಿದ್ದವು. 1947ರ ಅನುಮತಿ ಕಾಯಿದೆಯೂ ಆ ವರ್ಷವೇ ಹೋಯಿತು. ಹಿಂದೆ ಷೇರನ್ನು ಯಾವ ಬೆಲೆಗೆ ಮಾರಬೇಕೆಂದು ದೆಹಲಿಯ ಅಧಿಕಾರಿ ಹೇಳುತ್ತಿದ್ದ. ಈಗ ಬೆಲೆ ನೀವೇ ಇಟ್ಟುಕೊಳ್ಳಿ, ಆದರೆ ಒಳಗಿರುವುದೆಲ್ಲವನ್ನೂ ತೆರೆದು ಬರೆಯಿರಿ ಎಂದಾಯಿತು. ಒದ್ದೆ ಕಾಳು ಮೇಲೆ ಬರಬೇಕು ಎಂಬ ಮಾತು ಕಾನೂನಿನ ಭಾಷೆಗೆ ಇಳಿದದ್ದು ಹೀಗೆ.

ಹೀಗೆ ಬರೆಯುವುದಕ್ಕೂ ಬರೆದದ್ದನ್ನು ಪರೀಕ್ಷಿಸುವುದಕ್ಕೂ ಕಾನೂನು ಬಲ್ಲವರು ಬೇಕಾದರು. ಮ್ಯೂಚುವಲ್ ಫಂಡುಗಳಲ್ಲಿ, ದಲಾಲರ ಸಂಸ್ಥೆಗಳಲ್ಲಿ ಕಂಪ್ಲಯನ್ಸ್ ಆಫೀಸರ್ ಇರಬೇಕೆಂಬ ನಿಯಮ ಬಂತು. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳಲ್ಲಿ ಅರ್ಹ ಕಂಪನಿ ಸೆಕ್ರೆಟರಿಯೇ ಈ ಹೊಣೆ ಹೊರಬೇಕೆಂದು 2015ರ ನಿಯಮಾವಳಿ ಹೇಳಿತು. ಸೆಬಿ ತನ್ನ ಕಾನೂನು ವಿಭಾಗಕ್ಕೆ ಪರೀಕ್ಷೆ ಮಾಡಿ ಪದವೀಧರರನ್ನು ತೆಗೆದುಕೊಳ್ಳುತ್ತದೆ. ಅದರ ಆದೇಶ ಒಪ್ಪದವರು ಮುಂಬಯಿಯಲ್ಲಿರುವ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು, ಅಲ್ಲಿಂದ ಸುಪ್ರೀಂ ಕೋರ್ಟಿಗೆ. ಒಬ್ಬ ವಕೀಲ ತನ್ನ ವೃತ್ತಿಜೀವನವನ್ನೆಲ್ಲ ಈ ಒಂದೇ ದಾರಿಯಲ್ಲಿ ಕಳೆಯಬಹುದು. ಮೊದಲು ನಿಯಂತ್ರಕನ ಕಚೇರಿಯಲ್ಲಿ, ಆಮೇಲೆ ಕಂಪನಿಯೊಳಗೆ ಕಾವಲುಗಾರನಾಗಿ, ಕೊನೆಗೆ ನ್ಯಾಯಮಂಡಳಿಯ ಮುಂದೆ ವಾದಿಸುವವನಾಗಿ.

ಈ ಕೆಲಸಕ್ಕೆ ಹೆಸರು ಬರುವುದಿಲ್ಲ. ಕೊಲೆ ಮೊಕದ್ದಮೆ ಗೆದ್ದ ವಕೀಲನ ಫೋಟೋ ಪತ್ರಿಕೆಯಲ್ಲಿ ಬರುತ್ತದೆ. ಒಂದು ತಪ್ಪು ಕಾಗದಕ್ಕೆ ಸಹಿ ಬೀಳದಂತೆ ತಡೆದವನ ಹೆಸರು ಯಾರಿಗೆ ಗೊತ್ತಾಗುತ್ತದೆ? ಅವನು ಗೆದ್ದ ದಿನ ಏನೂ ನಡೆದಿರುವುದಿಲ್ಲ. ಅದೇ ಅವನ ಗೆಲುವು.

ಹೆಸರಿನ ಒಳಗೆ ಇಣುಕುವುದು

ಈ ವಕೀಲನ ಮುಖ್ಯ ವಿದ್ಯೆ ಯಾವುದು? ಕೊಟ್ಟ ಹೆಸರನ್ನು ಬದಿಗಿಟ್ಟು ಒಳಗಿನ ಸರಕು ನೋಡುವುದು. 1946ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಹೋವಿ ಕಂಪನಿಯ ಪ್ರಕರಣ ಬಂತು. ಅದು ಫ್ಲೋರಿಡಾದ ಕಿತ್ತಳೆ ತೋಟವನ್ನು ತುಂಡುತುಂಡಾಗಿ ಮಾರಿ, ಬೇಸಾಯವನ್ನು ತಾನೇ ನೋಡಿಕೊಂಡು ಲಾಭ ಹಂಚುತ್ತಿತ್ತು. ನಾವು ಮಾರುತ್ತಿರುವುದು ಜಮೀನು ಎಂದಿತು ಕಂಪನಿ. ಜನ ಕೊಳ್ಳುತ್ತಿರುವುದು ಜಮೀನಲ್ಲ, ನಿಮ್ಮ ದುಡಿಮೆಯಿಂದ ಬರುವ ಲಾಭದ ಭರವಸೆ ಎಂದಿತು ಕೋರ್ಟು.

ನಮ್ಮಲ್ಲೂ 1990ರ ದಶಕದಲ್ಲಿ ತೇಗದ ಗಿಡದ ಹೆಸರಿನಲ್ಲಿ, ತೋಟದ ಹೆಸರಿನಲ್ಲಿ ಹಣ ಎತ್ತಿದ ಕಂಪನಿಗಳು ಊರೂರಿಗೆ ಬಂದವು. ಆಗ 1999ರಲ್ಲಿ ಸೆಬಿ ಕಾಯಿದೆಗೆ ಸಾಮೂಹಿಕ ಹೂಡಿಕೆ ಯೋಜನೆಯ ವ್ಯಾಖ್ಯೆ ಸೇರಿತು. ಅದನ್ನು ನಮ್ಮ ಮಾತಿನಲ್ಲಿ ನಾಲ್ಕು ಪ್ರಶ್ನೆಗಳಾಗಿ ಹೇಳಬಹುದು. ಹಲವರ ಹಣ ಒಂದೆಡೆ ಸೇರುತ್ತದೆಯೇ? ಲಾಭ ಬರುತ್ತದೆಂಬ ಆಸೆಯಿಂದ ಕೊಡುತ್ತಿದ್ದಾರೆಯೇ? ಆ ಹಣವನ್ನು ಬೇರೆಯವರು ನಡೆಸುತ್ತಾರೆಯೇ? ಕೊಟ್ಟವರಿಗೆ ದಿನದ ವ್ಯವಹಾರದಲ್ಲಿ ಮಾತಿಲ್ಲವೇ? ನಾಲ್ಕಕ್ಕೂ ಹೌದು ಎಂದಾದರೆ ಅದು ಗಿಡವಿರಲಿ, ಜಮೀನಿರಲಿ, ಸೆಬಿಯ ನೋಂದಣಿ ಬೇಕು. ಸಹಕಾರ ಸಂಘ, ಚೀಟಿಯಂಥ ಕೆಲವಕ್ಕೆ ಬೇರೆ ಕಾಯಿದೆಗಳಿವೆ, ಬೇರೆ ಅಧಿಕಾರಿಗಳಿದ್ದಾರೆ. ಯಾವ ಅಧಿಕಾರಿಯ ಕೈಗೂ ಸಿಗದ ಯೋಜನೆ ಎಂದರೆ ಅನುಮಾನ ಪಡಬೇಕು.

ಸಹಾರಾ ಪ್ರಕರಣದಲ್ಲಿ ಇಟ್ಟ ಹೆಸರು ಇನ್ನೂ ಆತ್ಮೀಯವಾಗಿತ್ತು. ಇದು ಸಾರ್ವಜನಿಕರಿಗೆ ಮಾರಿದ್ದಲ್ಲ, ನಮ್ಮ ಬಳಗದವರಿಗೆ ಖಾಸಗಿಯಾಗಿ ಕೊಟ್ಟದ್ದು ಎಂದು ಸಂಸ್ಥೆ ವಾದಿಸಿತು. ಐವತ್ತು ಅಥವಾ ಹೆಚ್ಚು ಜನರಿಗೆ ಕೊಟ್ಟರೆ ಅದು ಸಾರ್ವಜನಿಕ ಮಾರಾಟವೇ ಎಂದು ಕಂಪನಿ ಕಾಯಿದೆ ಹೇಳುತ್ತಿತ್ತು. ಸಹಾರಾದ 'ಬಳಗ' ಸುಮಾರು ಮೂರು ಕೋಟಿ ಜನರದು! 2012ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟು ಸುಮಾರು 24 ಸಾವಿರ ಕೋಟಿ ರೂಪಾಯಿ ಮರಳಿಸಲು ಆದೇಶಿಸಿತು.

ಹಲಾಲ್ ಎಂಬ ಹಲಗೆ

ಈಗ ನಮ್ಮ ಮನೆಯ ಮಾತಿಗೆ ಬರೋಣ. ಬಡ್ಡಿ ಬೇಡ ಎನ್ನುವ ಮುಸ್ಲಿಮರ ಉಳಿತಾಯ ಎಲ್ಲಿಗೆ ಹೋಗಬೇಕು? ಓಣಿಯ ಭಿಶಿ ಇದೆ, ಚಿನ್ನ ಇದೆ, ಸೈಟು ಇದೆ. ಇವಿಷ್ಟು ಕೈಗೆಟುಕದವರ ಎದುರಿಗೆ 'ಹಲಾಲ್ ಹೂಡಿಕೆ' ಎಂಬ ಹಲಗೆ ತೂಗುಹಾಕಿದವರು ಬಂದರು. ಬೆಂಗಳೂರಿನಲ್ಲಿ 2006ರಲ್ಲಿ ಶುರುವಾದ ಐಎಂಎ ಸಂಸ್ಥೆ ಅವುಗಳಲ್ಲಿ ದೊಡ್ಡದು. ಬಡ್ಡಿ ಅಲ್ಲ, ಲಾಭದಲ್ಲಿ ಪಾಲು ಎಂದಿತು. ನೀವು ಠೇವಣಿದಾರರಲ್ಲ, ಪಾಲುದಾರರು ಎಂದಿತು. 2008ರ ಸೀಮಿತ ಹೊಣೆಯ ಪಾಲುದಾರಿಕೆ ಕಾಯಿದೆಯಲ್ಲಿ ಪಾಲುದಾರರ ಸಂಖ್ಯೆಗೆ ಮೇಲ್ಮಿತಿ ಇಲ್ಲ. ಸಾಮಾನ್ಯ ಪಾಲುದಾರಿಕೆಯಲ್ಲಾದರೆ ಐವತ್ತಕ್ಕಿಂತ ಹೆಚ್ಚು ಜನ ಸೇರುವಂತಿಲ್ಲ.

2019ರ ಜೂನಿನಲ್ಲಿ ಅದರ ಮುಖ್ಯಸ್ಥ ದೇಶ ಬಿಟ್ಟ. ಜುಲೈನಲ್ಲಿ ಮರಳಿದಾಗ ದೆಹಲಿಯಲ್ಲಿ ಬಂಧನವಾಯಿತು. 40 ಸಾವಿರಕ್ಕೂ ಹೆಚ್ಚು ದೂರುಗಳು ಬಂದವು. ತನಿಖೆ ಸಿಬಿಐ ಕೈಗೆ ಹೋಯಿತು. ಕಾನೂನು ಇರಲಿಲ್ಲವೇ? ಠೇವಣಿದಾರರ ಹಿತ ಕಾಯುವ ಕರ್ನಾಟಕದ ಕಾಯಿದೆ 2004ರದ್ದು. ಅದರಡಿ ಸಕ್ಷಮ ಪ್ರಾಧಿಕಾರ ಇದೆ, ಆಸ್ತಿ ಜಪ್ತಿ ಮಾಡುವ ಅಧಿಕಾರವಿದೆ, ವಿಶೇಷ ನ್ಯಾಯಾಲಯವಿದೆ. ಆದರೆ ತಿಂಗಳು ತಿಂಗಳಿಗೆ ಹಣ ಕೈಸೇರುವವರೆಗೆ ಯಾರು ದೂರು ಕೊಡುತ್ತಾರೆ? ನಿಯಂತ್ರಣವಿಲ್ಲದ ಠೇವಣಿಗಳನ್ನೇ ನಿಷೇಧಿಸುವ ಕೇಂದ್ರದ ಕಾಯಿದೆ ಬಂದದ್ದು 2019ರಲ್ಲಿ. ಅದು ಬಂದ ವರ್ಷವೇ ಈ ಮನೆ ಕುಸಿಯಿತು.

ಇಲ್ಲಿ ನಾಲ್ಕು ಪ್ರಶ್ನೆಗಳನ್ನು ಹಾಕಿ ನೋಡಿ. ಸಾವಿರಾರು ಜನರ ಹಣ ಒಂದೆಡೆ ಸೇರಿತ್ತು. ಲಾಭದ ಆಸೆಯಿತ್ತು. ನಡೆಸುವವರು ಬೇರೆಯವರು. ಆ ಪಾಲುದಾರರಲ್ಲಿ ಎಷ್ಟು ಜನ ಒಂದು ದಿನವಾದರೂ ಲೆಕ್ಕದ ಪುಸ್ತಕ ನೋಡಿದ್ದರು? ಸಹಾರಾಕ್ಕೆ 'ಬಳಗ' ಎಂಬ ಹೆಸರು ಹೇಗೋ ಇಲ್ಲಿ 'ಪಾಲುದಾರ' ಎಂಬ ಹೆಸರು ಹಾಗೆ. ಎರಡೂ ಸಂಬಂಧದ ಮಾತುಗಳು. ಸಂಬಂಧದ ಮಾತು ಕೇಳಿದಾಗ ನಾವು ರಸೀದಿ ಕೇಳಲು ನಾಚುತ್ತೇವೆ. ಅದಕ್ಕೆ ದೀನ್‌ನ ಮಾತೂ ಸೇರಿದರೆ ನಾಚಿಕೆ ಇನ್ನೂ ಹೆಚ್ಚು. ಕೇಳಿದವನನ್ನು ಸಮುದಾಯದ ವಿರೋಧಿ ಎನ್ನುವವರೂ ಇರುತ್ತಾರೆ.

ದುಃಖದ ಸಂಗತಿಯೆಂದರೆ, ನಿಯಂತ್ರಣದೊಳಗಿನ ದಾರಿಯೂ ಆ ಕಾಲದಲ್ಲೇ ಇತ್ತು. ಮದ್ಯ, ಜೂಜು, ಬಡ್ಡಿ ವ್ಯವಹಾರದ ಕಂಪನಿಗಳನ್ನು ಬಿಟ್ಟು, ಸಾಲ ಹೆಚ್ಚಿರುವ ಕಂಪನಿಗಳನ್ನೂ ಬಿಟ್ಟು ಹೂಡುವ ಟಾಟಾ ಎಥಿಕಲ್ ಫಂಡ್, ಟಾರಸ್ ಎಥಿಕಲ್ ಫಂಡ್‌ಗಳು ಸೆಬಿಯ ಕಣ್ಣಿನಡಿಯಲ್ಲೇ ನಡೆಯುತ್ತಿದ್ದವು. ಮುಂಬಯಿ ಷೇರುಪೇಟೆ 2010ರಲ್ಲಿ ಶರೀಅತ್ ಪ್ರಕಾರದ 50 ಕಂಪನಿಗಳ ಸೂಚ್ಯಂಕ ಆರಂಭಿಸಿತು. ಇವುಗಳಲ್ಲೂ ನಷ್ಟ ಆಗಬಹುದು. ಷೇರಿನ ಬೆಲೆ ಇಳಿಯುತ್ತದೆ. ಆದರೆ ಹಣ ಎಲ್ಲಿದೆ ಎಂದು ಯಾರು ಬೇಕಾದರೂ ನೋಡಬಹುದು. ಲಾಭ ಖಚಿತ ಎಂದು ಅವು ಹೇಳುವಂತಿಲ್ಲ. ಹಾಗೆ ಹೇಳದ ಕಾರಣಕ್ಕೇ ಅವು ನಮ್ಮ ಜನರನ್ನು ಸೆಳೆಯಲಿಲ್ಲವೇನೋ!

ನಮ್ಮ ಊರಿಗೆ ಬೇಕಾದ ವಕೀಲ

ಬೆಂಗಳೂರಿಗೂ ಒಂದು ಷೇರುಪೇಟೆ ಇತ್ತು. 1963ರಲ್ಲಿ ಮಾನ್ಯತೆ ಪಡೆದ ಅದು 2014ರಲ್ಲಿ ಮುಚ್ಚಿತು. ವ್ಯವಹಾರವೆಲ್ಲ ಕಂಪ್ಯೂಟರಿನಲ್ಲಿ ನಡೆಯುವಾಗ ಊರಿಗೊಂದು ಪೇಟೆ ಬೇಕಿಲ್ಲ. ರಾಯಾಪುರದ ಶೆಡ್ಡಿನಲ್ಲಿ ದುಡಿಯುವವನೂ ಇಂದು ಮೊಬೈಲಿನಲ್ಲಿ ಷೇರು ಕೊಳ್ಳಬಲ್ಲ. ಪೇಟೆ ಹೀಗೆ ಮನೆಮನೆಗೆ ಬಂದಾಗ ಅದರ ಕಾನೂನು ತಿಳಿದವರು ಮಾತ್ರ ಮುಂಬಯಿಯಲ್ಲೇ ಉಳಿದರೆ ಹೇಗೆ?

ನಮ್ಮ ಜಮಾಅತ್‌ಗಳಲ್ಲಿ ನಿಕಾಹ್‌ನ ತಕರಾರು ಬಿಡಿಸುವ ಹಿರಿಯರಿದ್ದಾರೆ, ವಕ್ಫ್ ಕಾಗದ ನೋಡುವವರಿದ್ದಾರೆ. ಹಣ ಹೂಡಿರಿ ಎಂದು ಬಂದವನ ಕಾಗದ ಓದಿ ಹೇಳುವವರು ಎಷ್ಟು ಕಡೆ ಇದ್ದಾರೆ? ಸೆಬಿಯ ನೋಂದಣಿ ಸಂಖ್ಯೆ ಇದೆಯೇ, ರಿಸರ್ವ್ ಬ್ಯಾಂಕಿನ ಅನುಮತಿ ಇದೆಯೇ, ಆ ಸಂಖ್ಯೆ ನಿಜವೇ ಎಂದು ನೋಡಲು ಅರ್ಧ ಗಂಟೆ ಸಾಕು. ನವನಗರದಲ್ಲಿ ಕಾನೂನು ಓದುವ ಒಬ್ಬ ಹುಡುಗಿ ಈ ಕೆಲಸ ಕಲಿತು ತನ್ನ ಓಣಿಯಲ್ಲಿ ಕುಳಿತರೆ, ಪಿಂಚಣಿ ಹಣ ಹಿಡಿದು ಬಂದ ವಿಧವೆಗೆ ಅವಳು ಹೇಳುವ 'ಬೇಡ ಖಾಲಾ' ಎಂಬ ಎರಡು ಮಾತು ಸಿಬಿಐ ತನಿಖೆಗಿಂತ ಹೆಚ್ಚು ಬೆಲೆಯದು.

ನಮ್ಮಲ್ಲಿ ಇನ್ನೊಬ್ಬರ ಹಣವನ್ನು ಅಮಾನತ್ ಎನ್ನುತ್ತೇವೆ. ಅಮಾನತ್ ಇಟ್ಟುಕೊಂಡವನು ಲೆಕ್ಕ ಕೇಳಿದಾಗ ಮುಖ ಸಿಂಡರಿಸಬಾರದು, ಇಟ್ಟವನು ಕೇಳಲು ನಾಚಬಾರದು. 1863ರಲ್ಲಿ ಧಾರವಾಡದ ಹತ್ತಿಯ ಅಂಡಿಗೆ ಬಿಚ್ಚಿಸಿ ನೋಡಿದರು, ಕೊಳ್ಳುವವನು ಲ್ಯಾಂಕಶೈರಿನ ಸಾಹುಕಾರನಾಗಿದ್ದ. ಇಂದು ಕೊಳ್ಳುವವರು ನಮ್ಮ ತಾಯಂದಿರು, ನಮ್ಮ ಕೂಲಿಕಾರರು. ಅವರ ಪರವಾಗಿ ಅಂಡಿಗೆ ಬಿಚ್ಚಿಸುವವರು ನಮ್ಮ ನಡುವಿನಿಂದಲೇ ಬರಬೇಕಾಗಿದೆ.